ಅರಿಶಿನದ ದಾರ ಕಟ್ಟಿದ ಹಾಲ್ ಟಿಕೆಟ್

ಕುಂಬಾರಕೊಪ್ಪಲಿನ ನಮ್ಮ ಮನೆಯ ನಡುಮನೆಯಲ್ಲಿ ಆ ವರ್ಷ ಎರಡು ಮಣೆಗಳಿದ್ದವು. ಊಟಕ್ಕೆ ಕೂರುವ ಮಣೆಗಳಲ್ಲ, ಊದುಬತ್ತಿ ಹೊಸೆಯುವ ಮಣೆಗಳು. ಒಂದರ ಮುಂದೆ ನನ್ನ ಅಕ್ಕ ಜಯ ಬೆಳಗಿನಿಂದ ಸಂಜೆಯವರೆಗೆ ಕೂತಿರುತ್ತಿದ್ದಳು. ಇನ್ನೊಂದನ್ನು ಗೋಡೆಗೆ ಒರಗಿಸಿ ನಿಲ್ಲಿಸಿದ್ದರು. ಅಕ್ಕನ ಮಣೆ ಇದ್ದಿಲ ಪುಡಿ ಕುಡಿದು ಕುಡಿದು ಕಪ್ಪಾಗಿ ಹೊಳೆಯುತ್ತಿತ್ತು. ಗೋಡೆಗೆ ಒರಗಿದ್ದು ಹೊಸದು, ಅದರ ಮೇಲೆ ಇನ್ನೂ ಯಾರ ಅಂಗೈಯೂ ಆಡಿರಲಿಲ್ಲ. ಅದು ಯಾರಿಗೆ ಅಂತ ನಾನು ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ. ಬತ್ತಿಯ ಏಜೆಂಟರು ತಂದುಕೊಟ್ಟ ದಿನ ಅವ್ವ ಅದನ್ನು ತೊಳೆದು, ಬಿಸಿಲಿಗಿಟ್ಟು ಒಣಗಿಸಿ, ಒಳಗೆ ತಂದು ನಿಲ್ಲಿಸುತ್ತಾ ಇಷ್ಟೇ ಅಂದಳು:

"ಯಾವ್ದುಕ್ಕೂ ಒಂದು ಇರ್ಲಿ ಬುಡು."

ಹನ್ನೆರಡು ವರ್ಷದ ನನಗೆ ಅದು ಯಾವುದಕ್ಕೆ ಅಂತ ಚೆನ್ನಾಗಿಯೇ ಗೊತ್ತಿತ್ತು. ನಾನು ಏಳನೇ ಕ್ಲಾಸಿನಲ್ಲಿದ್ದೆ. ಆಗ ಏಳನೇ ಕ್ಲಾಸಿಗೆ ಪಬ್ಲಿಕ್ ಪರೀಕ್ಷೆ. ಆರನೆಯದರ ತನಕ ಪರೀಕ್ಷೆ ಅಂದರೆ ನಮ್ಮ ಮೇಷ್ಟ್ರು ಬೋರ್ಡಿನ ಮೇಲೆ ಪ್ರಶ್ನೆ ಬರೆಯುವುದು, ನಾವು ಬರೆದದ್ದನ್ನು ಅವರೇ ತಿದ್ದುವುದು. ನನ್ನ ವಕ್ರ ಅಕ್ಷರ ಅವರಿಗೆ ಗೊತ್ತು, ನನಗೆ ಭಾಗಾಕಾರ ಬಾರದು ಅಂತಲೂ ಗೊತ್ತು, ಪಾಪ ಹುಡುಗಿ ಅಂತ ಎರಡು ನಂಬರ್ ಸೇರಿಸುವುದೂ ಗೊತ್ತು. ಪಬ್ಲಿಕ್ ಪರೀಕ್ಷೆ ಹಾಗಲ್ಲ. ಪ್ರಶ್ನೆಪತ್ರಿಕೆ ಎಲ್ಲಿಂದಲೋ ಅರಗಿನ ಮುದ್ರೆ ಹಾಕಿಸಿಕೊಂಡು ಬರುತ್ತಿತ್ತು. ಎಲ್ಲಾ ಶಾಲೆಯ ಎಲ್ಲಾ ಮಕ್ಕಳಿಗೂ ಅದೇ ಪತ್ರಿಕೆ, ಅದೇ ಹೊತ್ತು. ಉತ್ತರಪತ್ರಿಕೆಯ ಮೇಲೆ ಹೆಸರು ಬರೆಯುವಂತಿಲ್ಲ, ನಂಬರ್ ಮಾತ್ರ. ಅದನ್ನು ತಿದ್ದುವವರು ಯಾವ ಊರಿನವರೋ, ಕುಂಬಾರಕೊಪ್ಪಲು ಎಲ್ಲಿದೆ ಅಂತಲೂ ಅವರಿಗೆ ಗೊತ್ತಿರದು. ನಮ್ಮ ಮೇಷ್ಟ್ರಿಗೆ ಇದರ ಬಗ್ಗೆ ಬಹಳ ಹೆಮ್ಮೆ.

"ಅಲ್ಲಿ ಬಡವ ಬಲ್ಲಿದ ಅಂತಿಲ್ಲ ಕಣ್ರಪ್ಪ. ಎಲ್ಲಾರ್ಗೂ ಒಂದೇ ತಕ್ಕಡಿ."

ನನಗೆ ಆ ತಕ್ಕಡಿಯದೇ ಭಯ. ನಮ್ಮ ಮನೆಯಲ್ಲಿ ಒಬ್ಬಳನ್ನು ಅದು ಆಗಲೇ ತೂಗಿ ಕೆಳಗಿಳಿಸಿತ್ತು. ಎರಡು ವರ್ಷದ ಹಿಂದೆ ಜಯಕ್ಕ ಲೆಕ್ಕದಲ್ಲಿ ಫೇಲಾಗಿದ್ದಳು. ಶಾಲೆಯ ಗೋಡೆಗೆ ಅಂಟಿಸಿದ್ದ ಹಾಳೆಯಲ್ಲಿ ಅವಳ ನಂಬರ್ ಹುಡುಕಿ ಹುಡುಕಿ, ಕೊನೆಗೆ ಕೆಳಗಿನಿಂದ ಮೇಲಕ್ಕೂ ಒಂದು ಸಲ ಹುಡುಕಿ ಇಬ್ಬರೂ ಮನೆಗೆ ಬಂದಿದ್ದೆವು. ಅಪ್ಪ ಬೈಯಲಿಲ್ಲ. ಅಪ್ಪ ಬೈಯುವ ಮನುಷ್ಯನೇ ಅಲ್ಲ, ನಮಗೆ ಭಯವಾಗುತ್ತಿದ್ದದ್ದೂ ಅದಕ್ಕೇ. ಕಡಕೊಳದ ಹತ್ತಿರದ ಕಾರ್ಖಾನೆಯೊಂದರಲ್ಲಿ ಹೆಲ್ಪರ್ ಆಗಿದ್ದ ಅವನು ಆಪರೇಟರ್ ಆಗಲು ಅಲ್ಲಿನ ಟೆಸ್ಟನ್ನು ಎರಡು ಸಲ ಬರೆದು, ಎರಡು ಸಲವೂ ಆಗದೆ, ಆಮೇಲೆ ಆ ಮಾತನ್ನೇ ಬಿಟ್ಟಿದ್ದ. ಅವನ ಲೆಕ್ಕದಲ್ಲಿ ಪರೀಕ್ಷೆ ಒಂದು ಸಲ ಬೇಡ ಅಂದರೆ ಬೇಡ. ಅವತ್ತು ಸಂಜೆ ಕೈಕಾಲು ತೊಳೆದು ಬಂದವನು ಅಕ್ಕನ ಪುಸ್ತಕದ ಚೀಲವನ್ನು ಎತ್ತಿ ಅಟ್ಟದ ಮೇಲಿಟ್ಟ. ಊಟಕ್ಕೆ ಕೂತ. ಅವ್ವ ಮುದ್ದೆ ಇಟ್ಟಳು, ಹುರುಳಿಕಾಳು ಸಾರು ಬಿಟ್ಟಳು. ಮುಂದಿನ ವಾರ ಅಕ್ಕನ ಮುಂದೆ ಮಣೆ ಬಂತು.

ಮೈಸೂರಿನ ಊದುಬತ್ತಿ ಅಂದರೆ ಊರಿಗೆಲ್ಲ ಪರಿಮಳ ನೆನಪಾಗುತ್ತದೆ. ನಮ್ಮ ಮನೆಯಲ್ಲಿ ಹೊಸೆಯುತ್ತಿದ್ದ ಬತ್ತಿಗೆ ವಾಸನೆಯೇ ಇರಲಿಲ್ಲ. ಇದ್ದಿಲ ಪುಡಿ, ಅಂಟಿನ ಪುಡಿ, ನೀರು ಕಲಸಿದ ಕಪ್ಪು ಹಿಟ್ಟು, ಬಿದಿರಿನ ಕಡ್ಡಿ, ಅಷ್ಟೇ. ಪರಿಮಳ ಹಾಕುವುದು ಆಮೇಲೆ, ಕಾರ್ಖಾನೆಯಲ್ಲಿ. ಅಕ್ಕ ಎಡಗೈಯಲ್ಲಿ ಕಡ್ಡಿ ಹಿಡಿದು, ಬಲ ಅಂಗೈಯಿಂದ ಹಿಟ್ಟನ್ನು ಒಂದೇ ಎಳೆತಕ್ಕೆ ಉದ್ದಕ್ಕೆ ಹೊಸೆದು ಪಕ್ಕಕ್ಕೆ ಹಾಕುತ್ತಿದ್ದಳು. ಅವಳ ಉಗುರಿನ ಸಂದಿನ ಕಪ್ಪು ದೀಪಾವಳಿಯ ಎಣ್ಣೆನೀರಿಗೂ ಹೋಗುತ್ತಿರಲಿಲ್ಲ. ಅಟ್ಟದ ಮೇಲಿನ ಚೀಲವನ್ನು ಯಾವಾಗ ಇಳಿಸಿಕೊಂಡಳೋ ಗೊತ್ತಿಲ್ಲ, ನಾನು ನೋಡುವ ಹೊತ್ತಿಗೆ ಲೆಕ್ಕದ ಪುಸ್ತಕ ಅವಳ ಮುಂದೆ ಗೋಡೆಗೆ ಒರಗಿ ನಿಂತಿತ್ತು. ಹೊಸೆಯುತ್ತಾ ಹೊಸೆಯುತ್ತಾ ಓದುವಳು. ಪುಟ ತಿರುಗಿಸುವಾಗ ಕೈ ಒರೆಸಿಕೊಳ್ಳಲು ಪುರುಸೊತ್ತಿಲ್ಲ. ನಾನು ಏಳನೆಯದಕ್ಕೆ ಬಂದಾಗ ನನಗೂ ಅವೇ ಪುಸ್ತಕ. ಪ್ರತಿ ಪುಟದ ಕೆಳಗಿನ ಮೂಲೆಯಲ್ಲಿ ಅಕ್ಕನ ಹೆಬ್ಬೆರಳಿನ ಕಪ್ಪು ಗುರುತಿತ್ತು. ಕೆಲವು ಪುಟದಲ್ಲಿ ಎರಡು, ಕೆಲವದರಲ್ಲಿ ಮೂರು. ಕಷ್ಟದ ಪಾಠ ಯಾವುದು ಅಂತ ತಿಳಿಯಲು ನಾನು ಬೆರಳಿನ ಗುರುತು ಎಣಿಸಿದರೆ ಸಾಕಿತ್ತು.

ಭಾಗಾಕಾರವನ್ನು ನನಗೆ ಕಲಿಸಿದವಳು ಅವಳೇ. ಭಿನ್ನರಾಶಿಯನ್ನೂ. ಒಂದು ಸಲ ತಪ್ಪಿ, ಒಬ್ಬಳೇ ಕೂತು ಮತ್ತೆ ಕಲಿತವಳಾದ್ದರಿಂದ ಎಲ್ಲಿ ಕಾಲು ಜಾರುತ್ತದೆ ಅಂತ ಅವಳಿಗೆ ಗೊತ್ತಿತ್ತು. ಕಡ್ಡಿಗಳನ್ನೇ ನೆಲದ ಮೇಲೆ ಹರಡಿ ಇದರಲ್ಲಿ ಮೂರರಲ್ಲೊಂದು ತೆಗಿ, ನಾಲ್ಕರಲ್ಲಿ ಮೂರು ತೆಗಿ ಅನ್ನುವಳು. ನಾನು ಅವಳಷ್ಟು ಒಳ್ಳೆಯವಳಲ್ಲ. ಅವಳು ಮತ್ತೆ ಪರೀಕ್ಷೆ ಕಟ್ಟುತ್ತೇನೆ ಅಂದಾಗ ನನಗೆ ಮೊದಲು ಹೊಳೆದದ್ದು ಪುಸ್ತಕ ಹಂಚಿಕೊಳ್ಳಬೇಕಲ್ಲ ಅನ್ನುವುದು. ಒಂದು ಮಧ್ಯಾಹ್ನ ಇಬ್ಬರಿಗೂ ಕನ್ನಡ ಪುಸ್ತಕದ ಮೇಲೆ ಕಿತ್ತಾಟವಾಗಿ, ನಾನು ಅದನ್ನು ತೆಗೆದುಕೊಂಡು ಹೋಗಿ ಬಚ್ಚಲ ಮನೆಯ ಸೌದೆ ಹಿಂದೆ ಬಚ್ಚಿಟ್ಟೆ. ಅಕ್ಕ ಹುಡುಕಲೂ ಇಲ್ಲ. ಮಣೆಯ ಮುಂದೆ ಕೂತು, ಕೈ ನಿಲ್ಲಿಸದೆ, ಪುಸ್ತಕದಲ್ಲಿದ್ದ ಪದ್ಯಗಳನ್ನೆಲ್ಲ ಮೊದಲಿನಿಂದ ಕೊನೆಯ ತನಕ ಬಾಯಲ್ಲೇ ಹೇಳಿದಳು. ನನಗೆ ಅವತ್ತು ಹೊಟ್ಟೆಕಿಚ್ಚಾಯಿತು ಅಂತ ಈಗ ಹೇಳಿದರೆ ಅರ್ಧ ಸುಳ್ಳು. ಹೊಟ್ಟೆಕಿಚ್ಚಿಗಿಂತ ಹೆಚ್ಚಾಗಿ ಹೆದರಿಕೆಯಾಯಿತು. ಇಷ್ಟು ಬರುವವಳನ್ನೇ ಬೇಡ ಅಂದ ಪರೀಕ್ಷೆ ನನ್ನನ್ನು ಏನು ಮಾಡಬಹುದು ಅಂತ.

ಅವಳು ಮತ್ತೆ ಕಟ್ಟಲು ಅಪ್ಪನನ್ನು ಒಪ್ಪಿಸಿದ್ದು ಅಜ್ಜಿ. ಅಪ್ಪನ ತಾಯಿ. ಓದು ಬರಹ ಇಲ್ಲದ ಹೆಂಗಸು, ಆದರೆ ಅಪ್ಪನಿಗೆ ಎದುರು ಕೂತು ಮಾತಾಡಬಲ್ಲವಳು ನಮ್ಮ ಮನೆಯಲ್ಲಿ ಅವಳೊಬ್ಬಳೇ.

"ಅದು ಕೇಳ್ತಾ ಅದೆ, ಬರೀಲಿ ಬುಡೋ. ನಿನ್ನ ಗಂಟೇನು ಹೋಯ್ತದೆ?"

ಅಪ್ಪ ಹೇಳಿದ:

"ಇದೊಂದು ಸಲ ಕಣವ್ವ. ಪಾಸಾದ್ರೆ ಇಸ್ಕೂಲು. ಇಲ್ದಿದ್ರೆ ಆಮೇಲೆ ಯಾರೂ ನನ್ನ ಕೇಳ್ಬೇಡಿ. ಚಿಕ್ಕದಕ್ಕೂ ಅಷ್ಟೇಯ."

ಚಿಕ್ಕದು ಅಂದರೆ ನಾನು. ಅವತ್ತಿನಿಂದ ನಾನು ಗೋಡೆಯ ಕಡೆ ಮುಖ ಮಾಡಿ ಮಲಗುವುದನ್ನು ಬಿಟ್ಟೆ, ಕಣ್ಣು ಬಿಟ್ಟರೆ ಹೊಸ ಮಣೆ ಕಾಣುತ್ತಿತ್ತು.

ನಮ್ಮ ಮನೆಯಲ್ಲಿ ಅಜ್ಜಿಯದೊಂದು ಪದ್ಧತಿ ಇತ್ತು. ಹೊರಗಿನಿಂದ ಯಾವುದೇ ಮುಖ್ಯವಾದ ಕಾಗದ ಮನೆಗೆ ಬಂದರೆ, ಹೊಲದ ಪತ್ರವಾಗಲಿ, ರೇಷನ್ ಕಾರ್ಡಾಗಲಿ, ಅದರ ನಾಲ್ಕು ಮೂಲೆಗೂ ಅರಿಶಿನ ಹಚ್ಚಿ, ಒಂದು ಬಿಳಿ ಬಟ್ಟೆಯಲ್ಲಿ ಸುತ್ತಿ, ಅರಿಶಿನದಲ್ಲಿ ಅದ್ದಿದ ದಾರ ಕಟ್ಟಿ ದೇವರ ಗೂಡಿನಲ್ಲಿ ಇಡುವುದು. ಕಟ್ಟಿದ ಮೇಲೆ ಅದನ್ನು ಬಿಚ್ಚಿ ನೋಡುವ ಹಾಗಿಲ್ಲ. ಯಾವ ಕೆಲಸಕ್ಕೆ ಬಂದ ಕಾಗದವೋ ಆ ಕೆಲಸದ ಜಾಗಕ್ಕೆ ಹೋಗಿ, ಅಲ್ಲಿನ ಹೊಸಿಲು ದಾಟಿದ ಮೇಲೆಯೇ ದಾರ ಬಿಚ್ಚಬೇಕು. ನಡುವೆ ಬಿಚ್ಚಿದರೆ ದೇವರನ್ನು ನಂಬಲಿಲ್ಲ ಅಂದ ಹಾಗಂತೆ. ಅಪ್ಪ ಕಾರ್ಖಾನೆಯ ಟೆಸ್ಟಿನ ಕಾಗದವನ್ನು ಬಸ್ಸಿನಲ್ಲೇ ಬಿಚ್ಚಿ ನೋಡಿದ್ದನಂತೆ, ಅದಕ್ಕೇ ಆಗಲಿಲ್ಲ ಅಂತ ಅಜ್ಜಿಯ ತೀರ್ಮಾನ. ಅಪ್ಪ ಅದನ್ನು ಇಲ್ಲ ಅಂತ ಹೇಳಿದ್ದು ನಾನಂತೂ ಕೇಳಿಲ್ಲ.

ಹಾಲ್ ಟಿಕೆಟ್‌ಗಳು ಬಂದವು. ನನ್ನದು ನಮ್ಮ ಶಾಲೆಯಲ್ಲೇ ಕೊಟ್ಟರು, ನನಗೆ ಅಲ್ಲೇ ಪರೀಕ್ಷೆ. ಅಕ್ಕ ಖಾಸಗಿಯಾಗಿ ಕಟ್ಟಿದ್ದರಿಂದ ಅವಳಿಗೆ ನಜರ್‌ಬಾದಿನ ಒಂದು ಶಾಲೆ. ಎರಡೂ ಒಂದೇ ಬಣ್ಣದ, ಒಂದೇ ಅಳತೆಯ ಚೀಟಿ. ಫೋಟೋ ಗೀಟೋ ಏನಿಲ್ಲ, ಹೆಸರು, ಅಪ್ಪನ ಹೆಸರು, ನಂಬರ್. ಪರೀಕ್ಷೆಯ ಹಿಂದಿನ ಸಂಜೆ ಅಜ್ಜಿ ಸ್ನಾನ ಮಾಡಿ ಎರಡಕ್ಕೂ ಅರಿಶಿನ ಹಚ್ಚಿ, ಒಂದೇ ಹಳೆಯ ಪಂಚೆಯಿಂದ ಹರಿದ ಎರಡು ತುಂಡಿನಲ್ಲಿ ಸುತ್ತಿ, ದಾರ ಕಟ್ಟಿ ಗೂಡಿನಲ್ಲಿಟ್ಟಳು. ಬಲಗಡೆ ದೊಡ್ಡವಳದ್ದು, ಎಡಗಡೆ ಚಿಕ್ಕವಳದ್ದು. ಅಜ್ಜಿಗೆ ಅಕ್ಷರ ಬಾರದು, ಅವಳ ಗುರುತೆಲ್ಲ ಬಲ ಎಡದಲ್ಲೇ ಅಂತ ನನಗೆ ಅವತ್ತು ಗೊತ್ತಿರಲಿಲ್ಲ.

ಬೆಳಗ್ಗೆ ಅಕ್ಕ ಸ್ನಾನಕ್ಕೆ ಹೋಗಿದ್ದಳು. ಅವ್ವ ಒಲೆಯ ಮುಂದೆ, ಅಜ್ಜಿ ಹಿತ್ತಲಲ್ಲಿ ಹೂ ಕೀಳುತ್ತಿದ್ದಳು. ಅಪ್ಪ ಆಗಲೇ ಶಿಫ್ಟಿಗೆ ಹೋಗಿಯಾಗಿತ್ತು. ನಾನು ಒಬ್ಬಳೇ ಗೂಡಿನ ಮುಂದೆ ನಿಂತು ಕೈಮುಗಿದೆ. ಓದಿದ್ದೆಲ್ಲ ತಲೆಯಿಂದ ಹೋಗಿಬಿಟ್ಟಿತ್ತು, ಅಮ್ಮನಾಣೆ ಒಂದು ಪದ್ಯದ ಮೊದಲ ಸಾಲೂ ಬರುತ್ತಿರಲಿಲ್ಲ. ಕಣ್ಣು ಬಿಟ್ಟು ನೋಡಿದರೆ ಗೂಡಿನಲ್ಲಿ ಚಾಮುಂಡಿಯ ಪಟ ಬಲಕ್ಕೆ ಇತ್ತು. ಅದರ ಪಾದಕ್ಕೆ ತಾಗಿದಂತೆ ಅಕ್ಕನ ಗಂಟು. ನನ್ನದು ಎಡಗಡೆ, ಎಣ್ಣೆಯ ಬಟ್ಟಲಿನ ಪಕ್ಕ, ದೂರದಲ್ಲಿ. ಚಾಮುಂಡಮ್ಮ ಅಕ್ಕನದನ್ನು ಮೊದಲು ನೋಡಿ ನನ್ನದನ್ನು ಮರೆತರೆ? ಆ ಕ್ಷಣದಲ್ಲಿ ನನಗೆ ಅದಕ್ಕಿಂತ ದೊಡ್ಡ ಅನ್ಯಾಯ ಲೋಕದಲ್ಲಿ ಬೇರೆ ಇರಲಿಲ್ಲ. ಕೈ ಹಾಕಿ ಎರಡನ್ನೂ ಅದಲುಬದಲು ಮಾಡಿದೆ. ನನ್ನದನ್ನು ಪಾದದ ಹತ್ತಿರ ಇಟ್ಟು, ಅಕ್ಕನದನ್ನು ಎಣ್ಣೆಯ ಬಟ್ಟಲಿನ ಪಕ್ಕಕ್ಕೆ ತಳ್ಳಿದೆ. ಆಮೇಲೆ ಹೋಗಿ ಉಪ್ಪಿಟ್ಟು ತಿಂದೆ.

ಹೊರಡುವಾಗ ಇಬ್ಬರೂ ಅಜ್ಜಿಯ ಕಾಲಿಗೆ ಬಿದ್ದೆವು. ಅಜ್ಜಿ ನಮ್ಮ ತಲೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ಏನೋ ಗೊಣಗುತ್ತಿದ್ದಳು. ಎದ್ದಾಗ ಅವಳ ಎರಡು ಕೈಯಲ್ಲಿ ಎರಡು ಗಂಟಿದ್ದವು, ಒಂದನ್ನು ಅಕ್ಕನಿಗೆ ಕೊಟ್ಟಳು, ಒಂದನ್ನು ನನಗೆ. ಅಜ್ಜಿಗೆ ಗೊತ್ತಿಲ್ಲದ್ದು ಇರುತ್ತದೆ ಅಂತ ನಾನು ಅಂದುಕೊಂಡವಳೇ ಅಲ್ಲ.

"ಒಳೀಕ್ ಹೋದ್ಮೇಲೇ ಬಿಚ್ಚ್‌ಬೇಕು, ತಿಳೀತಾ? ಹೆದರ್ಕಬ್ಯಾಡಿ ಮೊಗಾ. ಆ ತಾಯಿ ನೋಡ್ಕೋತಾಳೆ."

ಅಕ್ಕ ಸಿಟಿ ಬಸ್ಸು ಹಿಡಿಯಲು ಬೇಗ ಹೊರಟಳು. ತಿರುವಿನಲ್ಲಿ ನಿಂತು ನನ್ನ ಕಡೆ ನೋಡಿ,

"ಗಾಬರಿ ಆಗ್ಬೇಡ ಕಣೇ ಪದ್ಮ. ಬರೋದು ಮೊದ್ಲು ಬರೆದ್ಬುಡು," ಅಂದಳು.

ಅವಳ ಜಡೆಗೆ ನನ್ನ ಕೆಂಪು ರಿಬ್ಬನ್ ಕಟ್ಟಿದ್ದಳು. ಎರಡು ವರ್ಷದ ಮೇಲೆ ಮೊದಲ ಸಲ ಅವಳ ಬೆರಳುಗಳು ಸುಮಾರಾಗಿ ಬಿಳುಪಾಗಿದ್ದವು. ಹಿಂದಿನ ದಿನವೆಲ್ಲ ನಿಂಬೆಹಣ್ಣಿನ ಸಿಪ್ಪೆಯಿಂದ ಉಜ್ಜಿಕೊಂಡಿದ್ದಳು.

ನಮ್ಮ ಶಾಲೆಯೇ ಅವತ್ತು ನನಗೆ ಪರಕೀಯವಾಗಿತ್ತು. ಬೆಂಚುಗಳನ್ನು ದೂರ ದೂರ ಹಾಕಿದ್ದರು. ಪ್ರತಿ ಬೆಂಚಿನ ಮೇಲೂ ಸೀಮೆಸುಣ್ಣದಲ್ಲಿ ನಂಬರ್. ನಮ್ಮ ಮೇಷ್ಟ್ರುಗಳು ಯಾರೂ ಇಲ್ಲ, ಅವರನ್ನೆಲ್ಲ ಬೇರೆ ಶಾಲೆಗೆ ಕಳಿಸಿ ಬೇರೆ ಶಾಲೆಯವರನ್ನು ಇಲ್ಲಿಗೆ ಹಾಕಿದ್ದರು. ನಮ್ಮವರು ಅಂತ ಇದ್ದದ್ದು ಹೆಡ್ ಮಾಸ್ಟರ್ ಮತ್ತು ಅಟೆಂಡರ್, ಇಬ್ಬರೇ. ನನ್ನ ಜಾಗ ಹುಡುಕಿ ಕೂತು, ಹೊಸಿಲು ದಾಟಿಯಾಯಿತಲ್ಲ ಅಂತ ದಾರ ಬಿಚ್ಚಿದೆ. ಬಟ್ಟೆ ಬಿಡಿಸಿದೆ. ಹೆಸರಿನ ಜಾಗದಲ್ಲಿ ಜಯಲಕ್ಷ್ಮಿ ಅಂತ ಇತ್ತು.

ಏನಾಗಿದೆ ಅಂತ ಅರ್ಥವಾಗಲು ನನಗೆ ಒಂದು ಉಸಿರು ಸಾಕಾಯಿತು. ಗೂಡು, ಪಟ, ಎಣ್ಣೆಯ ಬಟ್ಟಲು, ನನ್ನ ಕೈ. ಚೀಟಿಯನ್ನು ಕವುಚಿ ಹಾಕಿ ಅದರ ಮೇಲೆ ಅಂಗೈ ಇಟ್ಟು ಕೂತೆ. ಕೊಠಡಿಯ ಮೇಡಂ ಒಬ್ಬೊಬ್ಬರದೇ ನೋಡುತ್ತಾ ಬಂದರು. ನನ್ನ ಅಂಗೈಯನ್ನು ಸರಿಸಿ ನೋಡಿದರು.

"ಜಯಲಕ್ಷ್ಮಿ ಯಾರು? ಲಿಸ್ಟಲ್ಲಿ ಇಲ್ಲಿ ಪದ್ಮಾವತಿ ಅಂತ ಇದೆಯಲ್ಲ."

"ನಾನು ಪದ್ಮಾವತಿ ಮೇಡಂ."

"ಮತ್ತೆ ಇದೇನು? ಹಾಲ್ ಟಿಕೆಟ್ ಇಲ್ದೆ ಬರೆಯೋ ಹಾಗಿಲ್ಲ. ಏಳು, ಆಫೀಸಿಗೆ ನಡಿ."

ನಲವತ್ತು ಮಕ್ಕಳು ತಿರುಗಿ ನೋಡಿದರು. ಕೊಠಡಿಯಿಂದ ಆಫೀಸಿನ ತನಕ ಇಪ್ಪತ್ತು ಹೆಜ್ಜೆ ಇರಬಹುದು. ಅಷ್ಟು ದೂರವೂ ನನ್ನ ಕಣ್ಣ ಮುಂದೆ ಇದ್ದದ್ದು ಗೋಡೆಗೆ ಒರಗಿದ ಆ ಹೊಸ ಮಣೆ. ಅಪ್ಪ ನನ್ನ ಚೀಲವನ್ನು ಎತ್ತಿ ಅಟ್ಟದ ಮೇಲೆ ಇಡುವುದು ಕಾಣುತ್ತಿತ್ತು, ಅವನ ಮುಖದಲ್ಲಿ ಏನೂ ಇಲ್ಲದಿರುವುದೂ ಕಾಣುತ್ತಿತ್ತು. ಹೆಡ್ ಮಾಸ್ಟರ್ ಕನ್ನಡಕವನ್ನು ಹಣೆಗೇರಿಸಿಕೊಂಡು ಪ್ರಶ್ನೆಪತ್ರಿಕೆಯ ಕಟ್ಟುಗಳ ಮುಂದೆ ನಿಂತಿದ್ದರು. ಅಟೆಂಡರ್ ಬಾಗಿಲಿಗೆ ಒರಗಿ ಸೈಕಲ್ಲಿನ ಬೀಗದ ಕೈಯನ್ನು ಬೆರಳಲ್ಲಿ ತಿರುಗಿಸುತ್ತಿದ್ದ. ಮೇಡಂ ವಿಷಯ ಹೇಳಿ ಚೀಟಿ ಕೊಟ್ಟರು. ಹೆಡ್ ಮಾಸ್ಟರ್ ಅದನ್ನು ದೂರ ಹಿಡಿದು ಓದಿದರು.

"ಇದು ನಿಮ್ಮ ಜಯಂದಲ್ವೇನಮ್ಮ? ಯಾಕೆ, ಅವಳೂ ಈ ಸಲ ಕಟ್ಟಿದ್ದಾಳಾ?"

ನಾನು ಅವರ ಕೈಯಲ್ಲಿದ್ದ ಚೀಟಿಯನ್ನೇ ನೋಡುತ್ತಾ ನಿಂತೆ.

"ಕಟ್ಟಿದ್ರೆ ಹೇಳಮ್ಮ, ಹೆದರ್ಕೋಬೇಡ. ನಿಂದು ಅವಳ ಹತ್ರ ಹೋಗಿರುತ್ತೆ. ಇವನು ಸೈಕಲ್ಲಲ್ಲಿ ಹೋಗಿ ಕೊಟ್ಟು ಬರ್ತಾನೆ. ಬೆಲ್ ಆದ್ಮೇಲೂ ಅರ್ಧ ಗಂಟೆ ಒಳಗೆ ಬಿಡ್ತಾರೆ."

ಅಟೆಂಡರ್ ಬೀಗದ ಕೈ ತಿರುಗಿಸುವುದನ್ನು ನಿಲ್ಲಿಸಿ ನೆಟ್ಟಗೆ ನಿಂತ. ಹೂಂ ಅಂದಿದ್ದರೆ ಹೊರಟೇಬಿಡುತ್ತಿದ್ದ. ಒಂದು ಹೂಂ. ಆದರೆ ಹೂಂ ಅಂದರೆ, ನಿನ್ನದು ಬರುವ ತನಕ ನೀನೂ ಹೊರಗೆ ನಿಲ್ಲು ಅಂತಾರೆ ಅಂದುಕೊಂಡೆ. ಹೂಂ ಅಂದರೆ, ಎರಡೂ ಹೇಗೆ ಬದಲಾದವು ಅಂತ ಕೇಳುತ್ತಾರೆ ಅಂದುಕೊಂಡೆ. ದೇವರ ಗೂಡಿಗೆ ಕೈ ಹಾಕಿದ್ದು, ಅಕ್ಕನದನ್ನು ದೂರ ತಳ್ಳಿದ್ದು ಎಲ್ಲ ಹೊರಗೆ ಬರುತ್ತದೆ, ಅಪ್ಪನ ಕಿವಿಗೆ ಬೀಳುತ್ತದೆ ಅಂದುಕೊಂಡೆ. ಇಷ್ಟನ್ನೂ ಅಂದುಕೊಳ್ಳಲು ಎಷ್ಟು ಹೊತ್ತು ಹಿಡಿದೀತು! ನನ್ನ ಬಾಯಿ ಅದಕ್ಕೂ ಮೊದಲೇ ಹೇಳಿಬಿಟ್ಟಿತು:

"ಇಲ್ಲ ಸಾರ್. ಅದು ಹೋದ್ಸಲದ್ದು. ಹಳೇದು."

ಹೊರಗೆ ಬೆಲ್ ಹೊಡೆಯಿತು. ಇಸವಿ ನೋಡಲು ಹೆಡ್ ಮಾಸ್ಟರಿಗೆ ಪುರುಸೊತ್ತಿರಲಿಲ್ಲ, ಅನುಮಾನವೂ ಇರಲಿಲ್ಲ. ನಾನು ಸುಳ್ಳು ಹೇಳುವ ಹುಡುಗಿ ಅಂತ ಯಾರಿಗೂ ಗೊತ್ತಿರಲಿಲ್ಲ, ನನಗೂ ಸೇರಿ.

"ಎಂಥಾ ಮಕ್ಕಳಪ್ಪಾ ನೀವು! ಹಳೇದು ಯಾವುದು ಹೊಸದು ಯಾವುದು ನೋಡ್ಬಾರ್ದಾ? ಮೇಡಂ, ನಮ್ಮ ಹುಡುಗೀನೇ, ನನಗೆ ಗೊತ್ತು. ಕೂರಿಸಿ. ನಾಳೆ ತಪ್ಪದೆ ತರ್ತಾಳೆ."

ಚೀಟಿಯನ್ನು ನನ್ನ ಕೈಗೆ ವಾಪಸು ಕೊಟ್ಟರು. ಅಟೆಂಡರ್ ಮತ್ತೆ ಬಾಗಿಲಿಗೆ ಒರಗಿದ. ಹೀಗೆ ಎಲ್ಲರಿಗೂ ಒಂದೇ ಆದ ಆ ತಕ್ಕಡಿಯಲ್ಲಿ, ನನ್ನ ಮುಖದ ಗುರುತಿದ್ದವರು ಒಬ್ಬರು ಇದ್ದರು ಅಂತ ನಾನು ಪರೀಕ್ಷೆ ಬರೆದೆ. ಅವತ್ತು ಕನ್ನಡ ಪತ್ರಿಕೆ. ಪದ್ಯ ಪೂರ್ತಿ ಮಾಡಿ ಅಂತ ಬಂದಿತ್ತು, ಅಕ್ಕ ಮಣೆಯ ಮುಂದೆ ಕೂತು ಹೇಳಿದ ಅದೇ ಪದ್ಯ. ಅವಳ ದನಿಯಲ್ಲೇ ಅದು ನೆನಪಾಗಿ, ಒಂದಕ್ಷರ ತಪ್ಪದೆ ಬರೆದೆ. ಗೋಡೆಯ ಗಡಿಯಾರದಲ್ಲಿ ಅರ್ಧ ಗಂಟೆ ಕಳೆಯುವ ತನಕ ಪ್ರತಿ ನಿಮಿಷ ಎದ್ದು ನಿಂತು ಹೇಳಿಬಿಡೋಣ ಅನ್ನಿಸುತ್ತಿತ್ತು. ಅರ್ಧ ಗಂಟೆ ಕಳೆದ ಮೇಲೆ ಅನ್ನಿಸುವುದು ನಿಂತುಹೋಯಿತು. ನಾಚಿಕೆಗೇಡಿನ ಮಾತು, ಆದರೂ ಬರೆಯುತ್ತೇನೆ: ಆಮೇಲೆ ನನ್ನ ಅಕ್ಷರ ದುಂಡಗಾಯಿತು.

ಮನೆಗೆ ಬಂದೆ. ಅಜ್ಜಿ ಜಗಲಿಯ ಮೇಲೆ ಕಾಯುತ್ತಿದ್ದಳು. ಅವ್ವ ಹೆಸರುಬೇಳೆ ಪಾಯಸ ಮಾಡಿದ್ದಳು, ಇಬ್ಬರೂ ಬಂದ ಮೇಲೆ ಬಡಿಸುತ್ತೇನೆ ಅಂದಳು. ನನಗೂ ಅದೇ ಬೇಕಿತ್ತು. ಒಂದು ಗಂಟೆ ಕಳೆಯಿತು. ಅಕ್ಕ ಬರಲಿಲ್ಲ. ಅಲ್ಲಿ ಅವಳನ್ನು ಬಿಡದೆ ಇದ್ದಿದ್ದರೆ ಅವಳು ನನಗಿಂತ ಎಷ್ಟೋ ಮೊದಲೇ ಮನೆಗೆ ಬಂದಿರಬೇಕಿತ್ತು. ಇಷ್ಟು ತಡವಾಗಿದೆ ಅಂದರೆ ಬರೆದಿದ್ದಾಳೆ. ಅಲ್ಲೂ ಯಾರೋ ಪುಣ್ಯಾತ್ಮರು ಲಿಸ್ಟು ನೋಡಿ ಕೂರಿಸಿದ್ದಾರೆ. ಅಷ್ಟು ಹೊತ್ತಿಗೆ ನಾನು ದೇವರ ಗೂಡಿನ ಮುಂದೆ ಹೋಗಿ ನಿಂತು ಒಂದು ನಗುವನ್ನೂ ನಕ್ಕಿರಬೇಕು. ಕೊನೆಗೆ ತಿರುವಿನಲ್ಲಿ ಕೆಂಪು ರಿಬ್ಬನ್ ಕಾಣಿಸಿತು. ಅಕ್ಕ ನಿಧಾನವಾಗಿ ನಡೆದು ಬಂದು, ಕಾಲು ತೊಳೆದು, ಒಳಗೆ ಬಂದಳು. ಕೈಯಲ್ಲಿ ಗಂಟು ಹಾಗೇ ಇತ್ತು, ದಾರ ಮತ್ತೆ ಕಟ್ಟಿತ್ತು. ಅದನ್ನು ನನ್ನ ಕೈಗೆ ಕೊಟ್ಟಳು.

"ತಗೋ, ನಿಂದು. ನಾಳೆಗೆ ಬೇಕಲ್ಲ."

"ಏನಾಯ್ತೇ?" ಅಂದಳು ಅವ್ವ.

"ಬಿಡ್ಲಿಲ್ಲ. ಹೆಸರು ಲಿಸ್ಟಲ್ಲಿ ಐತೆ, ನೀನೇ ಅವಳು ಅಂತ ನಮ್ಗೆಂಗೆ ಗೊತ್ತು ಅಂದ್ರು."

"ಮತ್ತೆ ಇಷ್ಟೊತ್ತು?"

"ಬಸ್ ಸಿಗ್ಲಿಲ್ಲ."

ಅಜ್ಜಿ ಅಲ್ಲೇ ಕಂಬಕ್ಕೆ ಒರಗಿ ಕೂತಳು. ಎರಡೂ ಅಂಗೈಯಿಂದ ಹಣೆ ಹಣೆ ಚಚ್ಚಿಕೊಂಡಳು. ಎಂಗೆ ಬದಲಾದ್ವು, ಬಲಗಡೇದೇ ಕೊಟ್ನಲ್ಲ, ನನ್ನ ಕಣ್ಣು ಓಗ್ಬುಟ್ಟವೆ, ನನ್ನ ಕೈಯಾರ ಮೊಗೀನ ಬಾಯಿಗೆ ಮಣ್ಣಾಕ್ಬುಟ್ಟೆ ಅಂತ ಅತ್ತಳು. ಅಕ್ಕ ಅವಳ ಕೈ ಹಿಡಿದುಕೊಂಡು ಇಲ್ಲ ಕಣಜ್ಜಿ, ಬುಡು ಕಣಜ್ಜಿ ಅನ್ನುತ್ತಿದ್ದಳು. ನಾನು ಗಂಟು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದೆ. ನೀನು ಹೇಗೆ ಬರೆದೆ ಅಂತ ಅವ್ವ ನನ್ನನ್ನು ಕೇಳಿದಳು. ಹೆಡ್ ಮಾಸ್ಟ್ರು ಬಿಟ್ರು ಅಂದೆ. ಅಕ್ಕ ಆಗ ತಲೆಯೆತ್ತಿ ನನ್ನನ್ನು ನೋಡಿದಳು. ಏನೋ ಕೇಳುತ್ತಾಳೆ ಅಂದುಕೊಂಡೆ. ಕೇಳಲಿಲ್ಲ. ಮಣೆಯ ಮುಂದೆ ಹೋಗಿ ಕೂತು ಹಿಟ್ಟಿಗೆ ನೀರು ಚಿಮುಕಿಸಿದಳು.

ಒಂದು ಪತ್ರಿಕೆ ಹೋದರೆ ಫೇಲೇ. ಸಂಜೆ ಅಪ್ಪ ಬಂದು ಎಲ್ಲ ಕೇಳಿ, ಅಜ್ಜಿಗೂ ಏನೂ ಅನ್ನದೆ ಮುಖ ತೊಳೆಯಲು ಹೋದ. ಇವಳ ಹಣೇಲಿ ಬರ್ದಿಲ್ಲ ಅಂತ ಮಾತ್ರ ಬಚ್ಚಲಲ್ಲಿ ಒಬ್ಬನೇ ಹೇಳಿಕೊಂಡಿದ್ದು ನನಗೆ ಕೇಳಿಸಿತು. ಉಳಿದ ಪತ್ರಿಕೆಗಳಿಗೆ ಅಕ್ಕ ಹೋಗಲಿಲ್ಲ. ನಾನು ಎಲ್ಲವನ್ನೂ ಬರೆದೆ, ಫಸ್ಟ್ ಕ್ಲಾಸಿನಲ್ಲಿ ಪಾಸಾದೆ. ಲೆಕ್ಕದಲ್ಲಿ ಭಿನ್ನರಾಶಿ ಎಲ್ಲ ಸರಿಯಾಗಿತ್ತು. ಆ ಬೇಸಿಗೆಯಿಡೀ ಹೆಡ್ ಮಾಸ್ಟರ್ ಎದುರಿಗೆ ಸಿಕ್ಕರೆ ನಾನು ಗಲ್ಲಿ ಬದಲಾಯಿಸುತ್ತಿದ್ದೆ. ಅಪ್ಪ ಅವರ ಜೊತೆ ರಸ್ತೆಯಲ್ಲಿ ನಿಂತದ್ದು ಕಂಡರೆ ಮನೆಗೆ ಓಡಿ ಬಂದು ಮೂಲೆ ಹಿಡಿಯುತ್ತಿದ್ದೆ. ಅವರಿಬ್ಬರೂ ಏನು ಮಾತಾಡಿಕೊಂಡರೋ, ಆ ಹಳೇ ಟಿಕೆಟ್ಟಿನ ಮಾತು ಮಾತ್ರ ನಮ್ಮ ಮನೆಗೆ ಬರಲಿಲ್ಲ. ಅಜ್ಜಿ ಆಮೇಲೆ ಯಾವ ಕಾಗದಕ್ಕೂ ದಾರ ಕಟ್ಟಲಿಲ್ಲ. ದೇವರ ಗೂಡಿನ ಕೆಲಸವನ್ನೇ ಅವ್ವನಿಗೆ ಬಿಟ್ಟುಕೊಟ್ಟಳು. ಸಾಯುವ ವರ್ಷದಲ್ಲಿ, ನೆನಪು ಹೋದ ಮೇಲೂ, ಅಕ್ಕ ನೋಡಲು ಬಂದರೆ ಅವಳ ಕೈ ಹಿಡಿದು ತಪ್ಪಾಗೋಯ್ತು ಕಣವ್ವ ಅನ್ನುತ್ತಿದ್ದಳು. ನಾನು ಪಕ್ಕದಲ್ಲೇ ಕೂತಿರುತ್ತಿದ್ದೆ. ಆಗಲೂ ಹೇಳಲಿಲ್ಲ. ಇಪ್ಪತ್ತು ಹೆಜ್ಜೆ ದೂರದ ಆಫೀಸಿನಲ್ಲಿ ಹುಟ್ಟಿದ ಆ ಸುಳ್ಳು ನನ್ನ ಜೊತೆಗೇ ಹೈಸ್ಕೂಲು ಓದಿತು, ಟೀಚರ್ ಟ್ರೈನಿಂಗ್ ಮಾಡಿತು, ಮೂವತ್ತು ವರ್ಷ ಪರೀಕ್ಷಾ ಕೊಠಡಿಗಳಲ್ಲಿ ಮಕ್ಕಳ ಹಾಲ್ ಟಿಕೆಟ್ ನೋಡುತ್ತಾ ಓಡಾಡಿತು. ಟಿಕೆಟ್ ಮರೆತು ಬಂದ ಯಾವ ಮಗುವನ್ನೂ ನಾನು ಹೊರಗೆ ಕಳಿಸಲಿಲ್ಲ. ಅದಕ್ಕಾಗಿ ಮೇಲಿನವರಿಂದ ಬೈಸಿಕೊಂಡಿದ್ದೇನೆ. ಅದನ್ನು ನನ್ನ ಒಳ್ಳೆಯತನ ಅಂತ ತಿಳಿದವರೂ ಇದ್ದಾರೆ, ನಾನು ತಿದ್ದಲು ಹೋಗಿಲ್ಲ.

ಅಕ್ಕನಿಗೆ ಹದಿನೇಳಕ್ಕೆ ಮದುವೆಯಾಯಿತು. ಅಪ್ಪನ ಕಾರ್ಖಾನೆಯವರ ಕಡೆಯ ಸಂಬಂಧ, ಕಡಕೊಳದಲ್ಲೇ ಮನೆ. ಹೋಗುವಾಗ ನನಗೆ ಅಂತ ಗೋಡೆಗೆ ಒರಗಿಸಿದ್ದ ಮಣೆಯನ್ನು ತೆಗೆದುಕೊಂಡು ಹೋದಳು, ಅವಳದ್ದು ಅಷ್ಟು ಹೊತ್ತಿಗೆ ಸವೆದು ಹೋಗಿತ್ತು. ಈಗ ಅವಳ ಮನೆಯ ಹಿಂದಿನ ಶೆಡ್ಡಿನಲ್ಲಿ ಏಳೆಂಟು ಹೆಂಗಸರು ಬತ್ತಿ ಮಾಡುತ್ತಾರೆ, ಹೊಸೆಯಲು ಮೆಷಿನ್ ಬಂದಿದೆ. ಅಕ್ಕ ಪ್ರತಿ ಬೆಳಗ್ಗೆ ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದ ತನಕ ಓದುತ್ತಾಳೆ. ನಾನು ಶಾಲಾ ಪತ್ರಿಕೆಗೆ ಬರೆದ ಸಣ್ಣ ಪುಟ್ಟದ್ದನ್ನೂ ಬಿಟ್ಟವಳಲ್ಲ.

ಈ ವರ್ಷ ಅವಳ ಮೊಮ್ಮಗಳು ಚೈತ್ರಾಳಿಗೆ ಎಸ್ಸೆಸ್ಸೆಲ್ಸಿ. ಪರೀಕ್ಷೆಯ ಹಿಂದಿನ ದಿನ ನಾನು ಆ ಹುಡುಗಿಗೆ ಪೆನ್ನು ಕೊಡಲು ಹೋಗಿದ್ದೆ. ಕಂಪ್ಯೂಟರಿನಿಂದ ತೆಗೆದ ಹಾಲ್ ಟಿಕೆಟ್, ಮೇಲೆ ಅವಳ ಬಣ್ಣದ ಫೋಟೋ. ಅಕ್ಕ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಕನ್ನಡಕ ಹಾಕಿಕೊಂಡು ಹೆಸರನ್ನು ಎರಡು ಸಲ ಗಟ್ಟಿಯಾಗಿ ಓದಿದಳು. ಚೈತ್ರಾ ನಕ್ಕಳು.

"ಎಷ್ಟು ಸಲ ನೋಡ್ತೀಯಜ್ಜಿ?"

"ನೋಡ್ಬೇಕು ಕಣೇ. ನಾನೊಂದ್ಸಲ ನೋಡ್ದೆ ಹೋಗಿ ನಜರ್‌ಬಾದಲ್ಲಿ ಗೇಟಾಚೆ ನಿಂತಿದ್ದೆ. ನಿಮ್ಮ ಚಿಕ್ಕಜ್ಜೀದು ನನ್ನತ್ರ, ನಂದು ಅವಳತ್ರ."

"ಆಮೇಲೆ?"

"ಆಮೇಲೇನು, ಅರ್ಧ ಗಂಟೇಲಿ ತಂದ್ರೆ ಬಿಡ್ತೀವಿ ಅಂದ್ರು. ಮನೇಗ್ ಹೋಗಿ ಬರೋಕಾಯ್ತದಾ? ಅಲ್ಲೇ ನಿಂತ್ಕೊಂಡೆ. ಪದ್ಮಂಗೆ ಅಷ್ಟೊತ್ಗೆ ಗೊತ್ತಾಗಿರುತ್ತೆ, ಅಲ್ಲಿ ಎಲ್ಲಾರ್ಗೂ ಅವಳು ಗೊತ್ತು, ಯಾರ ಕೈಲಾದ್ರೂ ಕಳಿಸ್ತಾಳೆ ಅಂತ. ಅರ್ಧ ಗಂಟೆ ಆಯ್ತು. ಆದ್ರೂ ಬಂದ್ರೂ ಬರ್ಬೋದು ಅಂತ ರಸ್ತೆ ನೋಡ್ತಾನೇ ಇದ್ದೆ. ಕಡೇ ಬೆಲ್ ಹೊಡೆದು ಮಕ್ಕಳೆಲ್ಲ ಹೊರಗೆ ಬಂದ್ಮೇಲೇ ನಾನು ಹೊರಟಿದ್ದು."

"ಯಾರೂ ಬರ್ಲಿಲ್ವಾ?"

"ಯಾರೂ ಬರ್ಲಿಲ್ಲ. ಪಾಪ, ಅವಳಿಗೇನು ಗೊತ್ತು, ಮಗು. ಹೆದರ್ಕೊಂಡಿದ್ಲು."

ಅಕ್ಕ ನನ್ನ ಕಡೆ ನೋಡದೆಯೇ ಹೇಳಿದಳು, ಕವರಿನ ಬಾಯಿ ಮಡಿಸುತ್ತಾ. ಬಸ್ ಸಿಗಲಿಲ್ಲ ಅಂತ ಅವಳು ಅವತ್ತು ಹೇಳಿದ್ದನ್ನು ನಾನು ಇಷ್ಟು ವರ್ಷ ನಂಬಿದ್ದೆ. ಅವಳು ತಡವಾಗಿ ಬಂದದ್ದನ್ನೇ ಕಂಡು, ಬರೆದಿದ್ದಾಳೆ ಅಂತ ನಾನು ದೇವರ ಮುಂದೆ ನಕ್ಕಿದ್ದೆ. ಬಾಯಿ ತೆರೆದೆ. ಹೆಡ್ ಮಾಸ್ಟರ್ ಮುಂದೆ ನಿಂತಾಗ ಆದ ಹಾಗೆಯೇ ಬಾಯಿಗೆ ಬೇರೆ ಮಾತು ಬಂತು. ಐವತ್ತು ದಾಟಿದ ಹೆಂಗಸು, ರಿಟೈರಾಗಲು ಹತ್ತಿರ ಬಂದ ಮೇಡಂ, ಕಾಫಿ ಚೆನ್ನಾಗಿದೆ ಅಂದು ಲೋಟ ಕೆಳಗಿಟ್ಟು ಬಸ್ಸಿಗೆ ಹೊತ್ತಾಯಿತು ಅಂತ ಎದ್ದೆ.

ನನ್ನ ನೆನಪುಗಳ ಈ ಅಧ್ಯಾಯವನ್ನು ಬರೆದು ಮುಗಿಸಲು ನಾಲ್ಕು ದಿನ ಹಿಡಿಯಿತು. ಬೇರೆ ಯಾರಿಗೂ ತೋರಿಸಿಲ್ಲ. ನಾಳೆ ಬೆಳಗಿನ ಬಸ್ಸಿಗೆ ಕಡಕೊಳಕ್ಕೆ ಹೋಗುವ ಒಬ್ಬರ ಕೈಯಲ್ಲಿ ಹಾಳೆಗಳನ್ನು ಕೊಟ್ಟು ಕಳಿಸುತ್ತೇನೆ. ಅಕ್ಕ ಕನ್ನಡಕ ಹಾಕಿಕೊಂಡು ಮೊದಲಿನಿಂದ ಕೊನೆಯ ತನಕ ಓದುತ್ತಾಳೆ, ಒಂದು ಸಾಲೂ ಬಿಡುವುದಿಲ್ಲ. ನನಗೆ ತುಂಬಾ ಹೆದರಿಕೆಯಾಗುತ್ತಿದೆ. ಆದರೂ ಅವಳು ಅವತ್ತು ಗೇಟಿನ ಹತ್ತಿರ ನಿಂತು ಕಾಯುತ್ತಿದ್ದದ್ದು ನನ್ನ ಕಡೆಯಿಂದ ಯಾರಾದರೂ ಬರುತ್ತಾರೆ ಅಂತ. ಕಳಿಸುತ್ತಿದ್ದೇನೆ.